ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದರೆ ಎಷ್ಟು ಹೊತ್ತು?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿ ಸುಮಾರು 13,990 ಕಿ.ಮೀ. ಮೈಲಿಯಲ್ಲಿ 8,690, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 7,550. ಮೂರೂ ಒಂದೇ ದೂರ. ಒಂದು ವೆಬ್‌ಸೈಟ್ ಏಳೂವರೆ ಸಾವಿರ ಅಂತಲೂ ಇನ್ನೊಂದು ಎಂಟೂಮುಕ್ಕಾಲು ಸಾವಿರ ಅಂತಲೂ ಹೇಳಿದರೆ ಜಗಳ ಬೇಡ, ಅಳತೆಗೋಲು ಬೇರೆ ಅಷ್ಟೆ.

ಈ ಲೆಕ್ಕವನ್ನು ಮೊಬೈಲ್‌ನ ಕ್ಯಾಲ್ಕ್ಯುಲೇಟರಿನಲ್ಲೇ ಮಾಡಬಹುದು. ಬೆಂಗಳೂರಿನ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.62 ಉತ್ತರ, 122.38 ಪಶ್ಚಿಮ. ಪಶ್ಚಿಮಕ್ಕೆ ಮೈನಸ್ ಚಿಹ್ನೆ ಹಾಕಬೇಕು. ಎರಡು ರೇಖಾಂಶಗಳ ಅಂತರ ಆಗ 200 ಡಿಗ್ರಿ ಚಿಲ್ಲರೆ ಬರುತ್ತದೆ, ಹತ್ತಿರದ ಬದಿಯಿಂದ ಎಣಿಸಿದರೆ 159.91. ಎರಡು ಅಕ್ಷಾಂಶಗಳ ಸೈನ್ ಗುಣಿಸಿದರೆ 0.139. ಎರಡರ ಕೊಸೈನ್ ಗುಣಿಸಿ, ಅದನ್ನು ರೇಖಾಂಶ ಅಂತರದ ಕೊಸೈನ್‌ನಿಂದ ಮತ್ತೆ ಗುಣಿಸಿದರೆ ಮೈನಸ್ 0.724. ಕೂಡಿದರೆ ಮೈನಸ್ 0.585. ಇದರ ವಿಲೋಮ ಕೊಸೈನ್ (ಕ್ಯಾಲ್ಕ್ಯುಲೇಟರಿನ cos⁻¹ ಗುಂಡಿ) 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.2 ಕಿ.ಮೀ.; ಗುಣಿಸಿ ನೋಡಿ, 13,989.

ತಪ್ಪುವುದು ಎರಡು ಕಡೆ. ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಉತ್ತರ ಅಸಂಬದ್ಧವಾಗಿ ಬರುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಮೈನಸ್ ಮರೆತರೆ ಮಾತ್ರ ನಂಬುವಂಥ ಸುಳ್ಳು ಸಿಗುತ್ತದೆ: ಸುಮಾರು 5,180 ಕಿ.ಮೀ. ಅದು ಅಮೆರಿಕವಲ್ಲ, ಚೀನಾದ ಶಾಂಡಾಂಗ್ ತೀರದ ಆಚೆಗಿನ ಹಳದಿ ಸಮುದ್ರದ ನೀರು.

ಇನ್ನು ದಾರಿ ಎಲ್ಲೆಲ್ಲಿ ಹೋಗುತ್ತದೆ? ಗೋಡೆಗೆ ತೂಗುಹಾಕುವ ನಕ್ಷೆ ಇಲ್ಲಿ ಕೈಕೊಡುತ್ತದೆ. ಅದರಲ್ಲಿ ಗೆರೆ ಎಳೆದರೆ ವಿಮಾನ ಜಪಾನಿನ ತೆಂಕಣಕ್ಕೆ ಪೆಸಿಫಿಕ್ ದಾಟುವಂತೆ ಕಾಣುತ್ತದೆ. ಗ್ಲೋಬ್ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಡುತ್ತದೆ: ವಾರಂಗಲ್ ಆಸುಪಾಸು, ಪ್ರಯಾಗ–ಕಾಶಿಗಳ ನಡುವೆ, ಅಲ್ಲಿಂದ ನೇಪಾಳದ ಅನ್ನಪೂರ್ಣಾ ಶಿಖರಗಳ ನೆತ್ತಿಯ ಮೇಲೆ, ಟಿಬೆಟ್, ಚೀನಾದ ಶಿನ್‌ಜಿಯಾಂಗ್, ಸೈಬೀರಿಯಾ, ಆರ್ಕ್ಟಿಕ್ ಅಂಚಿನ ಪೂರ್ವ ಸೈಬೀರಿಯನ್ ಸಮುದ್ರ. ಅಲ್ಲಿ 71 ಡಿಗ್ರಿ ಉತ್ತರ ಮುಟ್ಟಿ, ಇಳಿಮುಖವಾಗಿ ಅಲಾಸ್ಕಾ ದಾಟಿ ಕ್ಯಾಲಿಫೋರ್ನಿಯಾ. ಹದಿನಾಲ್ಕು ಸಾವಿರ ಎಂಬ ಸಂಖ್ಯೆ ಈ ದಾರಿಯದ್ದು. ಪ್ರಯಾಣಿಕರನ್ನು ಹೊತ್ತ ವಿಮಾನಗಳು ಈ ಗೆರೆಯನ್ನು ಹಿಡಿದು ಹೋಗುವುದಿಲ್ಲ, ಹಾಗಾಗಿ ಈ ಸಂಖ್ಯೆಯಿಂದ ಹೊತ್ತು ಲೆಕ್ಕ ಹಾಕಿದವರು ಒಂದೆರಡು ಗಂಟೆ ಆಚೀಚೆ ಆಗುತ್ತಾರೆ.

ಮೊದಲ ಅಡ್ಡಿ ಟಿಬೆಟ್. ಬೆಟ್ಟಕ್ಕೆ ವಿಮಾನ ಗುದ್ದುತ್ತದೆ ಎಂಬ ಭಯವಲ್ಲ. ವಿಮಾನ ಹಾರುವುದು ಹತ್ತು ಸಾವಿರ ಮೀಟರ್‌ಗೂ ಮೇಲೆ. ಒಳಗಿನ ಗಾಳಿಯ ಒತ್ತಡ ಸೋರಿಹೋದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ಮಾತ್ರ ಮಾಸ್ಕ್ ಇಲ್ಲದೆ ಉಸಿರಾಡಬಹುದು. ತಲೆಯ ಮೇಲಿಂದ ಬೀಳುವ ಮಾಸ್ಕ್‌ಗಳಲ್ಲಿ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಆಮ್ಲಜನಕ ಇರುತ್ತದೆ. ಟಿಬೆಟ್‌ನ ನೆಲವೇ 4,500 ಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ವಿಶೇಷ ಆಮ್ಲಜನಕ ವ್ಯವಸ್ಥೆ, ಮೊದಲೇ ಗುರುತಿಸಿದ ಪಾರಾಗುವ ದಾರಿಗಳು ಇದ್ದರಷ್ಟೇ ಅಲ್ಲಿ ಹಾರಬಹುದು. ಆದ್ದರಿಂದ ಭಾರತದಿಂದ ಹೊರಟವರು ಹಿಮಾಲಯದ ಎಡಕ್ಕೋ ಬಲಕ್ಕೋ ಸರಿದುಕೊಳ್ಳುತ್ತಾರೆ. ಎಡಕ್ಕೆ ಪಾಕಿಸ್ತಾನ, ಅಫ್ಘಾನಿಸ್ತಾನದ ಮೇಲೆ ಮಧ್ಯ ಏಷ್ಯಾ. ಬಲಕ್ಕೆ ಮ್ಯಾನ್ಮಾರ್, ಚೀನಾ, ಜಪಾನ್.

ಎರಡನೆಯ ಅಡ್ಡಿ ರಾಜಕೀಯ. 2022ರ ಫೆಬ್ರವರಿಯ ನಂತರ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ಭಾರತದ ಕಂಪನಿಗಳಿಗೆ ತೆರೆದಿದೆ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು, ಅಂದರೆ ಮೇಲೆ ಹೇಳಿದ ಎಡದಾರಿಯ ಬಾಗಿಲು ಹಾಕಿತು. ಅದೇ ವರ್ಷ ಜೂನ್‌ನಲ್ಲಿ ಇರಾನ್ ಸಂಘರ್ಷದ ವೇಳೆ ಕತಾರ್ ಕೂಡ ಸ್ವಲ್ಪ ಹೊತ್ತು ಆಕಾಶ ಮುಚ್ಚಿದಾಗ ದೋಹಾ ಮೂಲಕ ಹೊರಟವರು ಎಲ್ಲೆಲ್ಲೋ ಇಳಿಯಬೇಕಾಯಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ತಡೆರಹಿತ ವಿಮಾನ ಘೋಷಿಸಿದ್ದವು. ಎರಡೂ ಹಾರಲೇ ಇಲ್ಲ.

ಹಾರಿದ್ದು ಏರ್ ಇಂಡಿಯಾ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777-200ಎಲ್‌ಆರ್, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡದೊಂದಿಗೆ ಉತ್ತರ ಧ್ರುವದ ಮೇಲಿಂದ ಬಂದು ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ, ಕ್ಯಾಲೆಂಡರ್‌ನಲ್ಲಿ ಮೂರು ದಿನಾಂಕ. ಈ ತಡೆರಹಿತ ಸೇವೆ ಆಮೇಲೆ ನಿಂತಿದ್ದೂ ಉಂಟು, ಮತ್ತೆ ಶುರುವಾಗಿದ್ದೂ ಉಂಟು. ಆದ್ದರಿಂದ ಹಳೆಯ ವೇಳಾಪಟ್ಟಿ ನಂಬದೆ ಬುಕ್ ಮಾಡುವ ದಿನವೇ ನೋಡಿಕೊಳ್ಳಬೇಕು.

ದೂರಕ್ಕಿಂತ ಗಾಳಿ ಮುಖ್ಯ ಎಂಬುದಕ್ಕೆ ಇದೇ ಕಂಪನಿಯ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. 2016ರ ಅಕ್ಟೋಬರ್‌ವರೆಗೆ ಅದು ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು. ಆ ತಿಂಗಳು ದಿಕ್ಕು ತಿರುಗಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ 15,300 ಕಿ.ಮೀ. ಹಾರಿದರು. 1,400 ಕಿ.ಮೀ. ಹೆಚ್ಚು, ಆದರೆ ಎರಡು ಗಂಟೆ ಕಡಿಮೆ: ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಭಾಗಿಸಿ ನೋಡಿ. ಹೊಸ ದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 1,055 ಕಿ.ಮೀ., ಹಳೆಯದರಲ್ಲಿ 840 ಚಿಲ್ಲರೆ. ಎಂಜಿನ್ ಅದೇ, ವಿಮಾನ ಅದೇ. 777 ಸುತ್ತಲಿನ ಗಾಳಿಗೆ ಹೋಲಿಸಿದರೆ ಓಡುವುದು ಗಂಟೆಗೆ 890 ಕಿ.ಮೀ. ಆಸುಪಾಸಿನಲ್ಲೇ. ಉಳಿದದ್ದು ಗಾಳಿ ಕೊಟ್ಟದ್ದು ಅಥವಾ ಕಸಿದದ್ದು.

ಈ ಗಾಳಿಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ಹತ್ತು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಹೊಳೆಯ ಹಾಗೆ ಅಂಕುಡೊಂಕಾಗಿ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನ್ ಮೇಲೆ ಇದರ ಬಿರುಸು ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ, ಬೇಸಿಗೆಯಲ್ಲಿ ಬಡಕಲಾಗಿ ಉತ್ತರಕ್ಕೆ ಸರಿಯುತ್ತದೆ. ಆದ್ದರಿಂದಲೇ ಒಂದೇ ವಿಮಾನಕ್ಕೆ ಜನವರಿಯಲ್ಲೊಂದು ಹೊತ್ತು, ಜುಲೈನಲ್ಲೊಂದು ಹೊತ್ತು. ಹೋಗುವಾಗಲೂ ಬರುವಾಗಲೂ ಒಂದೇ ಅವಧಿ ತೋರಿಸುವ ಜಾಲತಾಣ ಕಂಡರೆ ಅದು ಗಾಳಿಯನ್ನು ಗಣನೆಗೇ ತಗೊಂಡಿಲ್ಲ ಎಂದು ತಿಳಿಯಿರಿ. ಅವು ಮಾಡುವುದಿಷ್ಟೆ: ದೂರವನ್ನು ಗಂಟೆಗೆ 500 ಮೈಲಿಯಿಂದ ಭಾಗಿಸಿ ಅರ್ಧ ಗಂಟೆ ಸೇರಿಸುವುದು. ನಮ್ಮ ದಾರಿಗೆ ಹದಿನೆಂಟು ಗಂಟೆಗೆ ಸ್ವಲ್ಪ ಕಮ್ಮಿ ಬರುತ್ತದೆ.

ಅದಕ್ಕಿಂತ ವಾಸಿಯಾದ ಅಂದಾಜು ಹೀಗೆ: ಹತ್ತಿರದ ದೂರಕ್ಕೆ ನೂರಕ್ಕೆ ನಾಲ್ಕರಷ್ಟು ಸುತ್ತುಬಳಸು ಸೇರಿಸಿ, 13,990 ಆಗ 14,550 ಆಯಿತು. 890ರಿಂದ ಭಾಗಿಸಿದರೆ 16 ಗಂಟೆ 20 ನಿಮಿಷ. ರನ್‌ವೇಗೆ ಉರುಳಿಕೊಂಡು ಹೋಗಲು, ಏರಲು, ಇಳಿಯುವ ಸರದಿಗೆ ಸುತ್ತಲು 40 ನಿಮಿಷ. ಒಟ್ಟು 17 ಗಂಟೆ. ಇದು ಗಾಳಿ ಇಲ್ಲದ ದಿನದ ಲೆಕ್ಕ. ಪೂರ್ವಕ್ಕೆ ಹೊರಟರೆ ಒಂದು ಗಂಟೆ ಕಳೆಯಿರಿ, ಪಶ್ಚಿಮಕ್ಕೆ ಎದುರುಗಾಳಿಯಲ್ಲಿ ಬಂದರೆ ಒಂದು ಗಂಟೆ ಕೂಡಿ. ಟಿಕೆಟ್‌ನಲ್ಲಿ ಬರೆದಿರುವುದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಹೊತ್ತು, ಅದರಲ್ಲೂ ಕಂಪನಿಗಳು ಒಂದಿಷ್ಟು ಸಡಿಲ ಇಟ್ಟಿರುತ್ತವೆ. ಅರ್ಧ ಗಂಟೆ ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ಇಳಿಯುವ ಚಮತ್ಕಾರದ ಗುಟ್ಟು ಇದೇ.

ಇಷ್ಟು ದೂರಕ್ಕೆ ಇಂಧನವೇ ದೊಡ್ಡ ಹೊರೆ. 777-200ಎಲ್‌ಆರ್ ನೆಲ ಬಿಡುವಾಗಿನ ಗರಿಷ್ಠ ತೂಕ ಸುಮಾರು 3.47 ಲಕ್ಷ ಕಿಲೋ, ಅದರ ಟ್ಯಾಂಕುಗಳು ಹಿಡಿಯುವ ಇಂಧನ 1.45 ಲಕ್ಷ ಕಿಲೋ. ತೂಕದಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಬರೀ ಎಣ್ಣೆ. ಬೆಂಗಳೂರಿಗೆ ಇಲ್ಲೊಂದು ಅನನುಕೂಲ ಇದೆ: ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿ. ಎತ್ತರದಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು; ರೆಕ್ಕೆಗೂ ಎಂಜಿನ್‌ಗೂ ಕಸುವು ಕಮ್ಮಿ. ರನ್‌ವೇ ನಾಲ್ಕು ಕಿ.ಮೀ. ಇದ್ದರೂ ತುಂಬಿದ ವಿಮಾನಕ್ಕೆ ಕೆಲವು ದಿನ ತೂಕ ಇಳಿಸಬೇಕಾಗುತ್ತದೆ. ಇಳಿಯುವುದು ಮೊದಲು ಸರಕು, ಆಮೇಲೆ ಸೀಟು. ಸ್ಯಾನ್ ಫ್ರಾನ್ಸಿಸ್ಕೊ ಕಡಲ ದಂಡೆ, ತಂಪು. ಆ ಕಡೆಯಿಂದ ಹೊರಡಲು ಈ ತೊಡಕಿಲ್ಲ.

ಆ ಕಡೆಯಿಂದ ಬರುವವರಿಗೆ ಇನ್ನೊಂದು ಸೂಕ್ಷ್ಮ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಗೆ ಮಂದವಾಗಿ ಹೆಪ್ಪುಗಟ್ಟತೊಡಗುತ್ತದೆ. ನಮ್ಮಲ್ಲಿ ಸಿಗುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಧ್ರುವದ ಮೇಲೆ ಹೊರಗಿನ ಚಳಿ ಮೈನಸ್ 60ಕ್ಕೂ ಇಳಿಯಬಹುದು. ರೆಕ್ಕೆಯೊಳಗಿನ ಇಂಧನ ತಕ್ಷಣ ತಣಿಯುವುದಿಲ್ಲ, ಗಂಟೆಗಟ್ಟಲೆ ಹಾರಿದ ಮೇಲೆ ಇಷ್ಟಿಷ್ಟೇ ಇಳಿಯುತ್ತದೆ. ಹೆಪ್ಪುಗಟ್ಟುವ ಬಿಂದುವಿಗೆ ಮೂರು ಡಿಗ್ರಿ ಉಳಿದಿರುವಾಗಲೇ ಪೈಲಟ್ ಏನಾದರೂ ಮಾಡಬೇಕು: ಬೆಚ್ಚಗಿನ ಗಾಳಿಯ ಎತ್ತರಕ್ಕೆ ಸರಿಯಬೇಕು, ವೇಗ ಹೆಚ್ಚಿಸಿ ತಿಕ್ಕಾಟದಿಂದ ರೆಕ್ಕೆಯನ್ನು ಸ್ವಲ್ಪ ಕಾಯಿಸಬೇಕು, ಇಲ್ಲವೇ ದಾರಿ ಬದಲಿಸಬೇಕು. ಮೂರರಲ್ಲಿ ಯಾವುದನ್ನು ಮಾಡಿದರೂ ಹೊತ್ತಿನ ಲೆಕ್ಕ ಬದಲಾಗುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ‘ಹೊರಗಿನ ತಾಪಮಾನ’ ನೋಡುವ ಚಟ ಇದ್ದವರು ಇದನ್ನು ನೆನಪಿಡಿ.

ಎರಡೇ ಎಂಜಿನ್‌ನ ವಿಮಾನ ಇಂಥ ಜಾಗದಲ್ಲಿ ಹಾರಬೇಕಾದರೆ, ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರಲ್ಲೇ ನಿಗದಿತ ನಿಮಿಷಗಳೊಳಗೆ ತಲುಪಬಲ್ಲ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು. ಆ ನಿಲ್ದಾಣ ಎಂಥದ್ದು ಎಂಬುದು ಇಳಿದ ಮೇಲೇ ತಿಳಿಯುವುದು. 2023ರ ಜೂನ್ 6ರಂದು ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಸುರಕ್ಷಿತವಾಗೇ ಇಳಿಯಿತು. ಆದರೆ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರಿಗೆ ಸಾಲುವಷ್ಟು ಹೋಟೆಲ್ ಆ ಊರಲ್ಲಿಲ್ಲ. ಬದಲಿ ವಿಮಾನ ಬರುವವರೆಗೆ ಹಲವರು ಹಾಸ್ಟೆಲ್, ಶಾಲೆಗಳ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿದರು. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಲಿ ಎನ್ನುವುದು ಇದಕ್ಕೇ.

ನಿಂತು ಹೋಗುವ ದಾರಿಗಳಿಗೆ ಬರೋಣ, ಹೆಚ್ಚಿನವರು ಹೋಗುವುದು ಹಾಗೇ. ಎರಡು ತುಂಡುಗಳ ಹತ್ತಿರದ ದೂರ ಕೂಡಿದರೆ ದೆಹಲಿ ಮೂಲಕ 14,090 ಕಿ.ಮೀ., ಹಾಂಗ್ ಕಾಂಗ್ ಮೂಲಕ 15,080, ದುಬೈ ಮೂಲಕ 15,720, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,770. ಒಂದು ಪೂರ್ವ, ಒಂದು ಪಶ್ಚಿಮ, ಒಂದು ವಾಯವ್ಯ. ಆದರೂ ಅತಿ ದೂರದ್ದಕ್ಕೂ ಹತ್ತಿರದ್ದಕ್ಕೂ ವ್ಯತ್ಯಾಸ ಐದರಲ್ಲಿ ಒಂದು ಪಾಲು. ಕಾರಣ ಸರಳ. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ಸುಮಾರು 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ, ಅಷ್ಟು ದೂರ ಇದ್ದರೆ ಅದು ನಮ್ಮ ಕಾಲಡಿಯ ನೇರ ಆಚೆ ತುದಿ. ಆ ತುದಿಗೆ ಯಾವ ದಿಕ್ಕಿಗೆ ಹೊರಟರೂ ದೂರ ಒಂದೇ. ಸ್ಯಾನ್ ಫ್ರಾನ್ಸಿಸ್ಕೊ ಆ ತುದಿಯ ದೂರದಲ್ಲಿ ನೂರಕ್ಕೆ ಎಪ್ಪತ್ತರಷ್ಟು ದೂರ ಇರುವುದರಿಂದ ‘ಈ ಕಡೆಯಿಂದ ಸುತ್ತು, ಆ ಕಡೆಯಿಂದ ನೇರ’ ಎನ್ನುವುದಕ್ಕೆ ಹೆಚ್ಚು ಅರ್ಥ ಉಳಿಯುವುದಿಲ್ಲ. 2,700 ಕಿ.ಮೀ. ಹೆಚ್ಚುವರಿ ಎಂದರೆ ಹಾರಾಟದಲ್ಲಿ ಮೂರು ಗಂಟೆ. ದುಬೈನಲ್ಲಿ ಏಳು ಗಂಟೆ ಕೂರಬೇಕಾದ ಟಿಕೆಟ್‌ಗಿಂತ ಸಿಂಗಪುರದಲ್ಲಿ ಎರಡು ಗಂಟೆ ಕೂರುವ ಟಿಕೆಟ್ ಬೇಗ ಮುಟ್ಟಿಸುತ್ತದೆ. ದಿಕ್ಕು ನೋಡಬೇಡಿ, ನಡುವೆ ಕಾಯುವ ಹೊತ್ತು ನೋಡಿ.

ಕಾಯುವ ಹೊತ್ತು ತೀರಾ ಕಡಿಮೆಯೂ ಆಗಬಾರದು. ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದಕ್ಕೆ ಹತ್ತಿಸುವುದು ಕಂಪನಿಯ ಹೊಣೆ; ಒಂದೂವರೆಯಿಂದ ಎರಡು ಗಂಟೆ ಸಾಕು. ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಆ ಹೊಣೆ ನಿಮ್ಮದು, ಲಗೇಜೂ ನಡುವೆ ಎತ್ತಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾವೂ ಬೇಕಾಗಬಹುದು. ಐದಾರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದು ಜೂಜು. ಇನ್ನು ನ್ಯೂಯಾರ್ಕ್, ಷಿಕಾಗೊ ಮೊದಲಾಗಿ ಅಮೆರಿಕದ ಬೇರೆ ಊರಲ್ಲಿ ಇಳಿದು ವಿಮಾನ ಬದಲಿಸುವುದಾದರೆ ವಲಸೆ ತಪಾಸಣೆ ಅಲ್ಲೇ. ಪೆಟ್ಟಿಗೆಗಳನ್ನೂ ಅಲ್ಲೇ ಎತ್ತಿ ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು, ಆಮೇಲೆ ಸೆಕ್ಯೂರಿಟಿ ಮತ್ತೊಮ್ಮೆ. ಮೂರು ಗಂಟೆ ಬೇಕು. ಅಬುಧಾಬಿಯದ್ದು ವಿಚಿತ್ರ: ಅಮೆರಿಕದ ವಲಸೆ ಅಧಿಕಾರಿಗಳು ಅಲ್ಲೇ ಕೂತು ತಪಾಸಣೆ ಮುಗಿಸುತ್ತಾರೆ, ಆ ಕಡೆ ಇಳಿದಾಗ ದೇಶದೊಳಗಿನ ಪ್ರಯಾಣಿಕರಂತೆ ಹೊರಗೆ ನಡೆಯಬಹುದು. ಅಬುಧಾಬಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಅಂತರ ಇರುವ ಟಿಕೆಟ್ ಆರಿಸಿ.

‘ಡೈರೆಕ್ಟ್’ ಎಂಬ ಮಾತಿಗೂ ‘ನಾನ್‌ಸ್ಟಾಪ್’ ಎಂಬುದಕ್ಕೂ ವ್ಯತ್ಯಾಸ ಇದೆ. ಒಂದೇ ನಂಬರಿನ ವಿಮಾನ ನಡುವೆ ಒಂದು ಕಡೆ ಇಳಿದು ಎಣ್ಣೆ ತುಂಬಿಸಿಕೊಂಡು ಹೋದರೂ ಅದು ಡೈರೆಕ್ಟೇ. ಟಿಕೆಟ್‌ನಲ್ಲಿ ನಿಲುಗಡೆ ಸೊನ್ನೆ ಎಂದಿದೆಯೇ ನೋಡಿ.

ಗಡಿಯಾರದ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಕ್ಯಾಲಿಫೋರ್ನಿಯಾ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ಆ ಗೋಜಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಅಂತರ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 17 ಗಂಟೆ ಹಾರಿದರೆ ನಮ್ಮ ಲೆಕ್ಕದಲ್ಲಿ ಮರುದಿನ ಬೆಳಗ್ಗೆ 7.30. ಅದರಿಂದ ಹನ್ನೆರಡೂವರೆ ಕಳೆದರೆ ಅಲ್ಲಿ ಹೊರಟ ದಿನದ್ದೇ ಸಂಜೆ 7 ಗಂಟೆ. ಟಿಕೆಟ್ ನೋಡಿದವರಿಗೆ ನಾಲ್ಕೂವರೆ ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಆ ಭ್ರಮೆಯ ಸಾಲ ತೀರುವುದು ಬರುವಾಗ. ಶುಕ್ರವಾರ ರಾತ್ರಿ 8.30ಕ್ಕೆ ಹೊರಟರೆ ಚಳಿಗಾಲದಲ್ಲಿ ಬೆಂಗಳೂರಿಗೆ ಇಳಿಯುವುದು ಭಾನುವಾರ ನಸುಕಿನ 3ಕ್ಕೆ, ಟಿಕೆಟ್‌ನಲ್ಲಿ ಪುಟ್ಟದಾಗಿ +2 ಎಂದಿರುತ್ತದೆ. ಶನಿವಾರ ಎಂಬುದೇ ಇಲ್ಲ. ಭಾನುವಾರದ ಮದುವೆಗೆ ಧಾರೆಯ ಹೊತ್ತಿಗೆ ಮುಟ್ಟಬಹುದು, ಶನಿವಾರ ಸಂಜೆಯ ವರಪೂಜೆ ಹೋಯಿತು. ಅದೂ ಬೇಕೆಂದರೆ ಗುರುವಾರ ರಾತ್ರಿಯೇ ಹೊರಡಬೇಕು. ಕ್ಯಾಬ್, ಹೋಟೆಲ್, ಕರೆದುಕೊಂಡು ಬರಲು ಹೋಗುವ ಭಾವಮೈದುನ, ಎಲ್ಲರಿಗೂ ಇಳಿಯುವ ದಿನಾಂಕ ಕೊಡಿ, ಹೊರಡುವ ದಿನಾಂಕವಲ್ಲ. ನಸುಕಿನ 3 ಗಂಟೆ ಎಂದರೆ ‘ಶನಿವಾರ ರಾತ್ರಿ’ ಎಂದು ತಿಳಿಯುವ ಮನೆಯವರಿಗೆ ‘ಶನಿವಾರ ಮಲಗಬೇಡಿ’ ಎಂದೇ ಹೇಳುವುದು ಕ್ಷೇಮ.

ಕೊನೆಗೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ. ಜಯನಗರದಿಂದ ನಿಲ್ದಾಣಕ್ಕೆ ನಲವತ್ತು ಕಿ.ಮೀ., ಸಂಜೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ. ಮೂರು ಗಂಟೆ ಮುಂಚೆ ಅಲ್ಲಿರಬೇಕು, ಅಮೆರಿಕಕ್ಕೆ ಹೊರಟವರಿಗೆ ಗೇಟ್ ಹತ್ತಿರ ಇನ್ನೊಂದು ತಪಾಸಣೆ ಇರುವುದುಂಟು. ಹದಿನೇಳು ಗಂಟೆ ಹಾರಾಟ. ವಲಸೆ ಸಾಲು, ಪೆಟ್ಟಿಗೆ ಸೇರಿ ಒಂದೂವರೆ ಗಂಟೆ. ಸಿಲಿಕಾನ್ ವ್ಯಾಲಿಯ ಸನಿವೇಲ್ ಊರಿಗೆ ಮುಕ್ಕಾಲು ಗಂಟೆ. ಕೂಡಿದರೆ ಇಪ್ಪತ್ತನಾಲ್ಕು ಗಂಟೆ ಹದಿನೈದು ನಿಮಿಷ, ಅದೂ ನಡುವೆ ಎಲ್ಲೂ ಇಳಿಯದಿದ್ದರೆ. ಒಂದು ಕಡೆ ಇಳಿದರೆ ಇಪ್ಪತ್ತೆಂಟರಿಂದ ಮೂವತ್ತೆರಡು.